ಬ್ಯಾಟರಿ ಅಗ್ಗವಾದರಷ್ಟೇ ಸಾಲದು
ಬ್ಯಾಟರಿ ಅಗ್ಗವಾದರೆ ಕರೆಂಟ್ ಕೂಡಿಡುವ ಕೆಲಸ ತಾನಾಗಿ ಆಗುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಹಾಗನ್ನಿಸುವುದಿಲ್ಲ. ಕ್ಯಾಲಿಫೋರ್ನಿಯಾದ ನಿಯಂತ್ರಣ ಆಯೋಗ 2013ರಲ್ಲೇ ಮೂರು ದೊಡ್ಡ ವಿದ್ಯುತ್ ಕಂಪನಿಗಳಿಗೆ ಆದೇಶ ಹೊರಡಿಸಿತು. 2020ರೊಳಗೆ 1,325 ಮೆಗಾವಾಟ್ ಸಂಗ್ರಹಕ್ಕೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಆಗ ಬ್ಯಾಟರಿ ಏನು ಅಗ್ಗ ಇತ್ತಾ?

ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯೂ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂಗೆ ಇಂಥ ಗುರಿ ಹಾಕಲಿ. ಕುಷ್ಟಗಿ, ಯಲಬುರ್ಗಾ ಕಡೆ ಹೊಲದ ತುಂಬ ಗಾಳಿಯಂತ್ರ ನಿಂತಿವೆ. ಮಧ್ಯಾಹ್ನ ಸೋಲಾರ್ ಕರೆಂಟೂ ಜಾಸ್ತಿ. ಹೊತ್ತು ಮುಳುಗಿದರೆ ಮಾತ್ರ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಕರೆಂಟ್ ಬೇಕೇ ಬೇಕು.

ಇನ್ನೊಂದು ವಿಷಯ. ಬ್ಯಾಟರಿ ತುಂಬುವಾಗ ಒಮ್ಮೆ, ವಾಪಸ್ ಕೊಡುವಾಗ ಇನ್ನೊಮ್ಮೆ ಕರೆಂಟ್ ತಂತಿಯಲ್ಲಿ ಸಾಗಿಸುವ ಶುಲ್ಕ ಹಾಕಿದರೆ ದುಡ್ಡು ಹಾಕೋಕೆ ಯಾರು ಮುಂದೆ ಬರುತ್ತಾರೆ? ಮೊದಲು ಇದು ಸ್ಪಷ್ಟವಾಗಬೇಕು, ಅಲ್ವಾ?