ಬೆಕ್ಕಿಗೆ ಸಿಹಿ ಗೊತ್ತಾಗಲ್ಲ, ಆದರೂ ಚಾಕೊಲೇಟ್ ನೆಕ್ಕುತ್ತೆ

"ಬೆಕ್ಕು ತನಗೆ ಆಗದ್ದನ್ನು ಮುಟ್ಟಲ್ಲ, ಮೂಸಿ ನೋಡಿ ಬಿಟ್ಟುಬಿಡುತ್ತೆ." ಚಿಕ್ಕಂದಿನಿಂದ ಕೇಳಿದ ಮಾತು. ನಾನೂ ನಂಬಿದ್ದೆ. ಕಳೆದ ತಿಂಗಳವರೆಗೆ.

ನಮ್ಮದು ಪುತ್ತೂರಿನ ಹತ್ತಿರ ಅಡಿಕೆ ತೋಟ. ನಡುನಡುವೆ ಕೊಕ್ಕೋ ಗಿಡಗಳು, ಚಾಕೊಲೇಟ್ ಮಾಡೋ ಕೋಕೋ ಇದೇ. 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಫ್ಯಾಕ್ಟರಿ ಇರುವ ಊರು. ಕೊಕ್ಕೋ ನಮಗೆ ಅಷ್ಟು ಬಳಕೆಯ ವಸ್ತು. ಅದು ಬೆಕ್ಕಿಗೆ ವಿಷ ಅಂತ ಮಾತ್ರ ಗೊತ್ತಿರಲಿಲ್ಲ.

ಮಗಳ ಹುಟ್ಟುಹಬ್ಬಕ್ಕೆ ಅತ್ತಿಗೆ ಕೇಕ್ ಮಾಡಿದ್ದರು. ಬೆಣ್ಣೆ, ಸಕ್ಕರೆ, ಕೋಕೋ ಪುಡಿ ಕಲಸಿದ ಪಾತ್ರೆಯನ್ನು ಹಾಗೇ ಬಿಟ್ಟು ಎಲ್ಲರೂ ಜಗಲಿಗೆ ಬಂದೆವು. ವಾಪಸ್ ಹೋದಾಗ ಪಾತ್ರೆ ತೊಳೆದಿಟ್ಟ ಹಾಗಿತ್ತು. ನಮ್ಮ ಬೆಕ್ಕು ಚಿನ್ನುವಿನ ಬಿಳಿ ಮೀಸೆ ಕಂದಾಗಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ.

ಮೂರು ಗಂಟೆ ಕಳೆದಿರಬೇಕು. ಚಿನ್ನು ಕೂತಲ್ಲಿ ಕೂರುತ್ತಿಲ್ಲ. ಎರಡು ಸಲ ವಾಂತಿ ಮಾಡಿದಳು. ಎತ್ತಿಕೊಂಡರೆ ಎದೆ ಡವಡವ ಅಂತ ಅಂಗೈಗೆ ಬಡಿಯುತ್ತಿತ್ತು. ಹಿಂಗಾಲು ನಡುಗುತ್ತಿತ್ತು. ಅತ್ತೆ ಉಪ್ಪುನೀರು ಕುಡಿಸೋಣ ಅಂದರು. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದೇ, ಉಪ್ಪುನೀರು ಬೇಡವೇ ಬೇಡ, ಬೆಕ್ಕಿಗೆ ಅದೇ ಇನ್ನೊಂದು ವಿಷ ಆಗುತ್ತೆ ಅಂತ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು, ತೂಕ ಎಷ್ಟು ಅಂತ ಕೇಳಿದರು. ಕೂಡಲೇ ಹೊರಟು ಬನ್ನಿ ಅಂದರು.

ಚಿನ್ನುವಿನ ತೂಕ 3 ಕಿಲೋ. ಕೋಕೋದಲ್ಲಿ ಥಿಯೋಬ್ರೊಮಿನ್ ಅಂತ ಒಂದು ಅಂಶ ಇದೆ, ಜೊತೆಗೆ ಸ್ವಲ್ಪ ಕೆಫೀನ್. ನಮ್ಮ ಮೈ ಅದನ್ನು ಬೇಗ ಕರಗಿಸಿಬಿಡುತ್ತೆ. ಬೆಕ್ಕು, ನಾಯಿಗಳಲ್ಲಿ ಅದು ತುಂಬಾ ಹೊತ್ತು ಉಳಿದು ಹೃದಯವನ್ನೂ ನರಗಳನ್ನೂ ಕೆರಳಿಸುತ್ತೆ. ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಆದರೆ ತೊಂದರೆ ಶುರು. ಅಂದರೆ ಚಿನ್ನುವಿಗೆ 60 ಮಿಲಿಗ್ರಾಂ ಸಾಕು. ಹಾಲಿನ ಚಾಕೊಲೇಟ್ ಆದರೆ ಸುಮಾರು 30 ಗ್ರಾಂ ತಿಂದರೆ ಅಷ್ಟು ಥಿಯೋಬ್ರೊಮಿನ್ ಹೊಟ್ಟೆಗೆ ಹೋಗುತ್ತೆ. ಕಪ್ಪು ಚಾಕೊಲೇಟ್ ಆದರೆ 12 ಗ್ರಾಂ. ಕೋಕೋ ಪುಡಿ ಬರೀ 3 ಗ್ರಾಂ, ಒಂದು ಚಿಕ್ಕ ಚಮಚಕ್ಕಿಂತ ಚೂರು ಜಾಸ್ತಿ ಅಷ್ಟೇ! ಇನ್ನೂ ಜಾಸ್ತಿ ಹೋದರೆ ಫಿಟ್ಸ್ ಬರುತ್ತೆ, ಪ್ರಾಣವೂ ಹೋಗಬಹುದು.

ಬೆಕ್ಕಿಗೆ ಸಿಹಿ ರುಚಿ ಗೊತ್ತಾಗಲ್ಲ ಅನ್ನೋದು ನಿಜವೇ. ಅದರ ನಾಲಿಗೆಗೆ ಸಿಹಿ ತಿಳಿಸುವ ಜೀನ್ ಕೆಟ್ಟುಹೋಗಿದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹುಲಿಗೂ ಹಾಗೇ. ಆದರೆ ಚಿನ್ನು ಹೋಗಿದ್ದು ಸಕ್ಕರೆಗಲ್ಲ, ಬೆಣ್ಣೆಯ ವಾಸನೆಗೆ. ಐಸ್‌ಕ್ರೀಮ್, ಕೇಕ್, ಚಾಕೊಲೇಟ್ ಹಾಲು ಎಲ್ಲದರಲ್ಲೂ ಈ ಕೊಬ್ಬು ಇದ್ದೇ ಇರುತ್ತೆ ಅಲ್ವಾ?

ಈ ವಿಷವನ್ನೇ ಇಳಿಸುವ ಮದ್ದು ಅಂತ ಇಲ್ಲ. ಇದ್ದಿಲಿನ ಔಷಧಿ ಕೊಟ್ಟು, ಡ್ರಿಪ್ ಹಾಕಿ, ಎದೆಬಡಿತ ನೋಡುತ್ತಾ ಕಾಯಬೇಕು. ಆ ರಾತ್ರಿಯಿಡೀ ಅವಳ ಕಿವಿ ಸವರುತ್ತಾ ಕೂತಿದ್ದೆ. ಮೂರನೇ ದಿನ ತಾನಾಗಿ ಎದ್ದು ನೀರು ಕುಡಿದಳು.

ಈಗ ಬೆಕ್ಕಿನ ಬರ್ತ್‌ಡೇ ಅಂತ ಅದರ ಬಾಯಿಗೆ ಚಾಕೊಲೇಟ್ ಕೇಕ್ ಒತ್ತುವ ವಿಡಿಯೋ ನೋಡಿದರೆ ನನಗೆ ಕೈಕಾಲು ತಣ್ಣಗಾಗುತ್ತೆ. ದಯವಿಟ್ಟು ಮಾಡಬೇಡಿ. ಒಂದು ಚೂರಿಗೆ ಏನಾಗುತ್ತೆ ಅಂತ ಸುಮ್ನೆ ಕೊಡಬೇಡಿ. ಅಕಸ್ಮಾತ್ ತಿಂದರೆ ವಾಂತಿ ಆಗಲಿ ಅಂತ ಕಾಯಬೇಡಿ, ಮನೆಮದ್ದು ಮಾಡಬೇಡಿ. ಚಾಕೊಲೇಟಿನ ಕವರ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿ, ಯಾವ ಚಾಕೊಲೇಟ್ ಅಂತ ಅವರಿಗೆ ಬೇಕು.

ಬೆಕ್ಕಿಗೆ ಹಬ್ಬ ಮಾಡಬೇಕಾ? ಉಪ್ಪು ಖಾರ ಹಾಕದೆ ಒಂದು ಬೂತಾಯಿ ಮೀನು ಬೇಯಿಸಿ, ಮುಳ್ಳು ತೆಗೆದು ಕೊಡಿ. ನಿನ್ನೆ ಸಂಜೆ ಚಿನ್ನುವಿಗೆ ಅದೇ ಕೊಟ್ಟೆ. ಪೂರ್ತಿ ತಿಂದು, ಮೀಸೆ ಒರೆಸಿಕೊಂಡು, ನನ್ನ ಕಾಲ ಮೇಲೆ ಮಲಗಿದಳು.