ಸೈನಿಕನ ರಕ್ಷಣೆಗೆ ಬೀಚ್ ಮೇಲೆ ದಾಳಿ

ಪರದೇಶದಲ್ಲಿ ಡ್ಯೂಟಿ ಮಾಡೋ ಸೈನಿಕನಿಗೆ ಕಾನೂನಿನ ರಕ್ಷಣೆ ಬೇಕು, ಬೇಡ ಅಂದೋರ್ಯಾರು? ಆದ್ರೆ ಅಮೆರಿಕ 2002ರ ಆಗಸ್ಟ್‌ನಲ್ಲಿ ಮಾಡ್ಕೊಂಡ ಕಾಯ್ದೆ ಇದೆಯಲ್ಲ, ಅದರ ಗತ್ತೇ ಬೇರೆ. ತಮ್ಮ ಸೈನಿಕನ್ನ ಯುದ್ಧಾಪರಾಧ, ನರಮೇಧದಂಥ ಕೇಸು ನೋಡೋ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಏನಾದ್ರೂ ಹಿಡಿದಿಟ್ಕೊಂಡ್ರೆ ಬಿಡಿಸ್ಕೊಂಡು ಬರೋಕೆ ಅಗತ್ಯ ಅನ್ನಿಸಿದ ಎಲ್ಲ ದಾರಿನೂ ಅಧ್ಯಕ್ಷರು ಹಿಡೀಬಹುದಂತೆ. ಎಲ್ಲ ಅಂದ್ರೆ ಎಲ್ಲ. ಕೋರ್ಟ್ ಇರೋದು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ, ಹಾಗಾಗಿ ಟೀಕಾಕಾರರು ಇದಕ್ಕೆ ಹೇಗ್ ದಾಳಿ ಕಾಯ್ದೆ ಅಂತ್ಲೇ ನಾಮಕರಣ ಮಾಡಿಬಿಟ್ರು.

ಒಂದ್ಸಲ ಕಣ್ಮುಂದೆ ತಂದ್ಕೊಳಿ. ಕೋರ್ಟಿನ ಕೈದಿಗಳನ್ನ ಇಡೋದು ಹೇಗ್‌ನ ಶೆವೆನಿಂಗನ್‌ನಲ್ಲಿ, ಬೀಚಿಗೆ ಹೆಸರಾದ ಏರಿಯಾ ಅದು. ಜನ ಮಕ್ಕಳನ್ನ ಸೈಕಲ್ ಮುಂದೆ ಕೂರಿಸ್ಕೊಂಡು ಎದುರುಗಾಳಿಗೆ ಏದುಸಿರು ಬಿಡ್ತಾ ತುಳೀತಿರ್ತಾರೆ, ಅಷ್ಟರಲ್ಲಿ ಸಮುದ್ರದಿಂದ ದಂಡು ಇಳಿಯುತ್ತೆ, ಮುಖಕ್ಕೆ ಮಸಿ ಬಳ್ಕೊಂಡು ಮರಳಲ್ಲಿ ತೆವಳ್ಕೊಂಡು ಬಂದು ಸೈಕಲ್ ಟ್ರ್ಯಾಕಲ್ಲಿ ಪೊಸಿಷನ್ ತಗೊಳುತ್ತೆ, ಹಿಂದಿಂದ ಒಂದಜ್ಜಿ ದಾರಿ ಬಿಡ್ರೋ ಅಂತ ಬೆಲ್ ಹೊಡೀತಾಳೆ. ಎರಡೂ ದೇಶ 1949ರಿಂದ ನ್ಯಾಟೊ ಅನ್ನೋ ಸೇನಾ ಒಕ್ಕೂಟದಲ್ಲಿ ನೆಂಟರು ಬೇರೆ. ಒಬ್ಬರ ಮೇಲೆ ಬಿದ್ರೆ ಎಲ್ಲರ ಮೇಲೂ ಬಿದ್ದಂಗೆ ಅನ್ನುತ್ತೆ ಅದರ 5ನೇ ವಿಧಿ, ಅಂದ್ಮೇಲೆ ಅಮೆರಿಕದಿಂದ ಕಾಪಾಡೋಕೆ ಅಮೆರಿಕನೇ ಓಡಿ ಬರಬೇಕು.

ಇಷ್ಟಕ್ಕೂ ಇಷ್ಟು ರಂಪ ಬೇಕಾಗೇ ಇರ್ಲಿಲ್ಲ. ಆ ಕೋರ್ಟ್ ಹುಟ್ಟಿದ ರೋಮ್ ಶಾಸನದ 17ನೇ ವಿಧಿ ಏನನ್ನುತ್ತೆ ಅಂದ್ರೆ, ನಿಮ್ಮವನ ಮೇಲಿನ ಆರೋಪನ ನೀವೇ ಪ್ರಾಮಾಣಿಕವಾಗಿ ತನಿಖೆ ಮಾಡಿ, ವಿಚಾರಣೆ ನಡೆಸಿ, ನಾವು ಆ ಕೇಸಿಗೆ ಕೈ ಹಾಕಲ್ಲ ಅಂತ. ಅಂದ್ರೆ ನಿಯತ್ತಾಗಿ ಒಂದು ಕೇಸ್ ನಡೆಸಿದ್ರೆ ಮುಗೀತು. ಅದು ಬಿಟ್ಟು ಹಡಗು ರೆಡಿ ಇಟ್ಕೋತೀನಿ ಅಂದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ ಆಗಲ್ವಾ ಮಾರಾಯ್ರೆ.

ಹಾಗಂತ ಅಮೆರಿಕಕ್ಕೆ ಕೋರ್ಟ್‌ಗಳ ಮೇಲೆ ದ್ವೇಷ ಅಂದ್ಕೋಬೇಡಿ. ಸದ್ದಾಂ, ಸರ್ಬಿಯಾದ ಮಿಲೊಸೆವಿಚ್, ಬಿನ್ ಲಾಡೆನ್ ಇವರನ್ನ ಕಟಕಟೆಗೆ ಎಳೆಯೋಕೆ ಅಂತರರಾಷ್ಟ್ರೀಯ ಪ್ರಯತ್ನ ನಡೆದ್ರೆ ನಾವೂ ಕೈ ಜೋಡಿಸಬಹುದು ಅಂತ ಅದೇ ಕಾಯ್ದೆಯಲ್ಲಿ ಹೆಸರು ಹಾಕೇ ಬರ್ಕೊಂಡಿದ್ದಾರೆ! 2023ರಲ್ಲಿ ಪುಟಿನ್‌ಗೆ ವಾರಂಟ್ ಬಂದಾಗ ಬೈಡನ್ ಸರಿಯಾಗೇ ಇದೆ ಅಂದ್ರು, 2024ರಲ್ಲಿ ಅದೇ ಕೋರ್ಟು ಇಸ್ರೇಲ್‌ನ ನೆತನ್ಯಾಹುಗೆ ವಾರಂಟ್ ಕೊಟ್ಟಾಗ ಅದೇ ಬೈಡನ್‌ಗೆ ಸಿಟ್ಟು ನೆತ್ತಿಗೇರ್ತು. ಇನ್ನು ಟ್ರಂಪ್ ಬಂದ್ಮೇಲೆ 2025ರಲ್ಲಿ ಜಡ್ಜ್‌ಗಳ ಮೇಲೇ ನಿರ್ಬಂಧ ಹೇರಿದ್ರು, ಬೀಚಿಗೆ ದಂಡು ಇಳಿಸೋ ಡೀಸೆಲ್ ಖರ್ಚಾದ್ರೂ ಉಳೀತು.