ಸಮುದ್ರಕ್ಕೆ ಹೋದ ನೀರು ವೇಸ್ಟ್ ಅಂತೆ!

ನಿನ್ನೆ ಶಿರಸಿ ಹತ್ತಿರ ಒಂದು ಉಪನಯನದ ಊಟ. ಪಂಕ್ತಿಯಲ್ಲಿ ನನ್ನ ಪಕ್ಕ ಅಮೆರಿಕದ ಫೀನಿಕ್ಸಿನಿಂದ ರಜೆಗೆ ಬಂದ ಭಾವ. ಎರಡನೇ ಲೋಟ ಅಪ್ಪೆಹುಳಿ ಕುಡಿದು ಮೀಸೆ ಒರೆಸಿಕೊಂಡು ಹೇಳಿದ, "ಬೇಡ್ತಿ, ಅಘನಾಶಿನಿ ನೀರೆಲ್ಲ ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ ಮಾರಾಯ. ಬೇಡ್ತಿ ನೀರನ್ನ ಬಯಲುಸೀಮೆ ಕಡೆಯ ವರದಾ ನದಿಗೆ ತಿರುಗಿಸೋ ಬೇಡ್ತಿ-ವರದಾ ಜೋಡಣೆಗೆ ನೀವೆಲ್ಲ ಯಾಕೆ ಅಡ್ಡ ಬರ್ತೀರಿ? ನಮ್ಮಲ್ಲಿ ಮರುಭೂಮಿಯಲ್ಲೂ ಗಾಲ್ಫ್ ಮೈದಾನ ಹಸಿರಾಗಿದೆ."

ನನ್ನ ಬಾಯಲ್ಲಿ ಅನ್ನ ಇತ್ತು. ಬಚಾವಾದ.

ಅವನು ಕುಡಿದ ಅಪ್ಪೆಹುಳಿಯ ಮಾವಿನ ಮಿಡಿ ಬಂದಿದ್ದು ಅದೇ ಹೊಳೆಯ ದಂಡೆಯ ಮರದಿಂದ. ಲೋಟ ಖಾಲಿ ಮಾಡುವಾಗ ಹೊಳೆ ವೇಸ್ಟ್ ಆಗಿರಲಿಲ್ಲ ಅಲ್ವಾ?

ಇನ್ನು ಅವನ ಫೀನಿಕ್ಸ್. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ. ಅಲ್ಲಿಗೆ ಕೊಲೊರಾಡೊ ನದಿಯ ನೀರು ಐನೂರು ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ ಬರುತ್ತದೆ. 1922ರಲ್ಲಿ ಏಳು ರಾಜ್ಯಗಳು ಕೂತು ಆ ನದಿಯನ್ನು ಹಂಚಿಕೊಂಡವು. ನದಿಯ ಮೇಲ್ಭಾಗದ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಭಾಗದವಕ್ಕೆ 75 ಲಕ್ಷ. 1944ರಲ್ಲಿ ಮೆಕ್ಸಿಕೊಗೆ ಇನ್ನೂ 15 ಲಕ್ಷ. ಒಂದು ಎಕರೆ ತೋಟದಲ್ಲಿ ಒಂದಡಿ ನೀರು ನಿಲ್ಲಿಸಿದರೆ ಅದು ಒಂದು ಎಕರೆ-ಅಡಿ, ಸುಮಾರು 12 ಲಕ್ಷ ಲೀಟರ್. ಒಟ್ಟು 165 ಲಕ್ಷ ಹಂಚಿದರು. ಮಜಾ ಏನಂದ್ರೆ, ಲೆಕ್ಕಕ್ಕೆ ಹಿಡಿದ ವರ್ಷಗಳಲ್ಲಿ ಅಲ್ಲಿ ಮಳೆ ಜಾಸ್ತಿ ಇತ್ತು. 2000ದ ನಂತರ ಆ ನದಿಯಲ್ಲಿ ಹುಟ್ಟುತ್ತಿರೋದು ವರ್ಷಕ್ಕೆ ಸರಾಸರಿ 120-130 ಲಕ್ಷದ ಆಸುಪಾಸು. ನದಿ ಸಣ್ಣದಾಯಿತು, ಕಾಗದದ ಮೇಲಿನ ಪಾಲು ಹಾಗೇ ಉಳಿಯಿತು.

ಆ ಹಂಚಿಕೆಯಲ್ಲಿ ಸಮುದ್ರಕ್ಕೆ ಹನಿ ನೀರೂ ಇರಲಿಲ್ಲ. 1960ರ ದಶಕದಿಂದೀಚೆಗೆ ಕೊಲೊರಾಡೊ ಸಮುದ್ರ ಮುಟ್ಟೋದೇ ಅಪರೂಪ. ಹಾಗಾದರೆ ಭಾವನ ಲೆಕ್ಕದಲ್ಲಿ ಅಲ್ಲಿ ಒಂದು ಹನಿಯೂ ವೇಸ್ಟ್ ಇಲ್ಲ. ನೀರು ತುಂಬಿ ತುಳುಕಬೇಕಿತ್ತು. ಆದದ್ದೇನು? 2021ರ ಆಗಸ್ಟಿನಲ್ಲಿ ಆ ನದಿಗೆ ಮೊದಲ ಬಾರಿ ನೀರಿನ ಕೊರತೆ ಘೋಷಿಸಿದರು. ಮುಂದಿನ ವರ್ಷ ಭಾವನ ಅರಿಜೋನಾಕ್ಕೆ ಸಿಗಬೇಕಾದ ಪಾಲಿನಲ್ಲಿ ಸುಮಾರು 18% ಖೋತಾ. ಯಾಕೆ ಅರಿಜೋನಾಕ್ಕೇ ಅಷ್ಟು ಪೆಟ್ಟು? ಅಲ್ಲಿನ ಕಾನೂನೇ ಹಾಗೆ. ಮೊದಲು ಯಾರು ನೀರು ಎತ್ತಿದರೋ ಅವರ ಹಕ್ಕು ಮೊದಲು. ಅರಿಜೋನಾ ಆ ಕಾಲುವೆಗೆ ಒಪ್ಪಿಗೆ ಗಿಟ್ಟಿಸಲು 1968ರಲ್ಲಿ ಕ್ಯಾಲಿಫೋರ್ನಿಯಾದ ಹಿಂದೆ ನಿಲ್ಲಲು ಒಪ್ಪಿಕೊಂಡಿತು. ಬರ ಬಂದರೆ ಬಾಲದಲ್ಲಿ ನಿಂತವರ ಕೊಡ ಮೊದಲು ಖಾಲಿ.

"ಬಯಲುಸೀಮೆಯವರು ಕುಡಿಯೋಕೆ ನೀರು ಕೇಳಿದ್ರೂ ಕೊಡಲ್ವಾ?" ಅಂತ ಕಮೆಂಟಿನಲ್ಲಿ ಕೇಳೋರು ಇದ್ದೀರಿ, ಗೊತ್ತು. ಕುಡಿಯೋಕೆ ಬೇಡ ಅನ್ನೋ ಪಾಪಿ ಯಾರು? ಆದರೆ ಕುಡಿಯೋಕೆ ಎಷ್ಟು ಬೇಕು ಸ್ವಾಮಿ? ಕೊಲೊರಾಡೊ ನೀರಿನ ಬಹುಪಾಲು ಹೋಗೋದು ಗದ್ದೆಗೆ, ಅದರಲ್ಲೂ ದನಕ್ಕೆ ಹಾಕೋ ಹುಲ್ಲಿಗೆ. ಕಾಲುವೆ ತೋಡುವಾಗ ಎಲ್ಲರ ಬಾಯಲ್ಲೂ ಬಾಯಾರಿಕೆಯ ಮಾತೇ. ತೋಡಿದ ಮೇಲೆ ಬಾಯಾರೋದು ಕಬ್ಬಿಗೆ.

ನಮ್ಮ ಕಾವೇರಿ ನ್ಯಾಯಮಂಡಳಿ ಕೂಡ 2007ರ ತೀರ್ಪಿನಲ್ಲಿ 740 ಟಿಎಂಸಿ ಹಂಚುವಾಗ ಪರಿಸರಕ್ಕೆ ಅಂತ 10 ಟಿಎಂಸಿ, ತಡೆಯಲಾಗದೆ ಸಮುದ್ರ ಸೇರುವ ನೀರು ಅಂತ 4 ಟಿಎಂಸಿ ಬರೆದಿಟ್ಟಿತು. ನಾಲ್ಕೇ ನಾಲ್ಕು! ಅದೂ ಹಕ್ಕಂತ ಕೊಟ್ಟದ್ದಲ್ಲ, ಕೈ ತಪ್ಪಿ ಹೋಗುತ್ತೆ ಅಂತ.

ಕುಮಟಾ ಕಡೆ ಹೋದಾಗ ಅಘನಾಶಿನಿಯ ಅಳಿವೆ ನೋಡಿ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಳಚು ಅನ್ನೋ ಚಿಪ್ಪುಮೀನು ಆರಿಸುತ್ತಿರುತ್ತಾರೆ. ಪಕ್ಕದ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನೂ ತಡೆಯೋ ಕಗ್ಗ ಭತ್ತ. ಘಟ್ಟದ ಸಿಹಿನೀರು ಬಂದು ಉಪ್ಪುನೀರಿಗೆ ಬೆರೆತರೇನೇ ಇದೆಲ್ಲ. ಹೊಳೆ ಸಮುದ್ರಕ್ಕೆ ಹೋಗೋದು ವೇಸ್ಟ್ ಅನ್ನೋರು ಒಂದು ಬುಟ್ಟಿ ಬಳಚು ಆರಿಸಿ ತೋರಿಸಲಿ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಇಲ್ಲಾಂದ್ರೆ ಊರಿನವರೇ ಬಂದು ಕೆಳಗೆ ಬರೀತಾರೆ.

ನಮ್ಮ ಮನೆಗೆ ಅಬ್ಬಿ ನೀರು, ಅಂದ್ರೆ ಗುಡ್ಡದಿಂದ ಇಳಿಯೋ ನೀರು, ಬರುತ್ತಿದ್ದದ್ದು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ. ದಾರಿಯುದ್ದಕ್ಕೂ ಚೆಲ್ಲುತ್ತಿತ್ತು. ನೋಡಿ ನೋಡಿ ಹೊಟ್ಟೆ ಉರೀತಿತ್ತು. ಮೂರು ವರ್ಷದ ಹಿಂದೆ ದಬ್ಬೆ ಕಿತ್ತು ಎರಡಿಂಚಿನ ಪೈಪ್ ಹಾಕಿದೆ. ಟ್ಯಾಂಕ್ ಭರ್ತಿ, ಎದೆ ಉಬ್ಬಿತು. ಏಪ್ರಿಲಿಗೆ ಕೆಳಗಿನ ಮನೆ ಅಪ್ಪಚ್ಚಿಯ ಬಾವಿ ತಳ ಕಂಡಿತು. ದಬ್ಬೆಯಿಂದ ಚೆಲ್ಲಿದ್ದು ಹಳ್ಳಕ್ಕಿಳಿದು, ಅವರ ಬಾವಿಗೆ ಇಂಗುತ್ತಿತ್ತು. ನಾನು ವೇಸ್ಟ್ ಅಂದುಕೊಂಡದ್ದು ಅವರ ನೀರು. ಬೇಲಿ ಹತ್ತಿರ ಬಂದು ಕೇಳಿದರು, "ತಮಾ, ಹಳ್ಳ ಎಂತ ನಿಂಗೊಬ್ಬಂಗೇಯನಾ?" ನಾನು ಏನಂದೆ ಗೊತ್ತಾ? "ಪೈಪ್ ಮೊದ್ಲು ಹಾಕಿದ್ದು ನಾನು ಅಪ್ಪಚ್ಚಿ." ಸಾಕ್ಷಾತ್ ಕ್ಯಾಲಿಫೋರ್ನಿಯಾ!

ಆರು ತಿಂಗಳು ಮಾತಿರಲಿಲ್ಲ. ಚೌತಿಗೆ ಆಯಿಯೇ ನಡುವೆ ಬಂದು ಪಾಳಿ ಮಾಡಿಸಿದಳು. ಬೇಸಿಗೆಯಲ್ಲಿ ಹಗಲು ನಮಗೆ, ಸಂಜೆ ಆರರಿಂದ ಬೆಳಗಿನವರೆಗೆ ಪೈಪ್ ಬಿಚ್ಚಿ ಹಳ್ಳಕ್ಕೆ ಬಿಡೋದು.

ಈಗ ಆರೂಕಾಲು. ಅಪ್ಪಚ್ಚಿ ಬೇಲಿ ಹತ್ತಿರ ನಿಂತು ಕೆಮ್ಮುತ್ತಿದ್ದಾರೆ. ಭಾವನಿಗೆ ಉತ್ತರ ಬರೆಯೋ ಭರದಲ್ಲಿ ಪೈಪ್ ಬಿಚ್ಚೋದು ಮರೆತೆ. ಹೋಗಿ ಬರ್ತೇನೆ.